ಸೀಲಿಂಗ್ ಮೇಲಿನ ಮೊಸರು

ನಮ್ಮ ಅಡುಗೆಮನೆ ಸೀಲಿಂಗ್‌ನಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಕಲೆ ಇದೆ. ಮನೆಗೆ ಬಂದವರೆಲ್ಲ ತಲೆ ಎತ್ತಿ ನೋಡಿ, "ಮೇಲಿನ ಬಾತ್‌ರೂಮ್ ಸೋರ್ತಿದೆಯಾ?" ಅಂತ ಕೇಳುತ್ತಾರೆ. ನಾನು ಹೂಂ ಅಂದುಬಿಡುತ್ತೇನೆ. ಅದು ಮೊಸರು.

ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವನು. ಐಟಿಐ ಫಿಟ್ಟರ್. ಲೇತು, ಮಿಲ್ಲಿಂಗು, ಡ್ರಿಲ್ಲಿಂಗು ಎಲ್ಲ ಕೈಗೆ ಹತ್ತಿದೆ, ಇಪ್ಪತ್ತು ವರ್ಷದ ಮೇಲಾಯಿತು. ಅಲ್ಲಿಯ ಸಾಮಾನು ಅಲ್ಲೇ, ಮನೆಯ ಸಾಮಾನು ಮನೆಯಲ್ಲೇ ಅನ್ನುವ ಲೆಕ್ಕದಲ್ಲಿ ಚೆನ್ನಾಗಿಯೇ ನಡೆದಿತ್ತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತಲ್ಲ, ಅದರ ಹಿಂದಿನ ದಿನ, ಯಾವಾಗ ಬಾಗಿಲು ತೆಗೀತಾರೋ ಏನೋ ಅಂತ ನನ್ನ ಸ್ವಂತದ ಟೂಲ್‌ಗಳನ್ನೆಲ್ಲ ಸ್ಕೂಟರಿಗೆ ಹೇರಿಕೊಂಡು ಮನೆಗೆ ತಂದೆ. ದಪ್ಪ ಅಳೆಯುವ ವರ್ನಿಯರ್, ಅರದ ಸೆಟ್ಟು, ಹ್ಯಾಮರ್ ಡ್ರಿಲ್, ಕಬ್ಬಿಣ ಕತ್ತರಿಸುವ ನಾಲ್ಕು ಇಂಚಿನ ಗ್ರೈಂಡರ್, ಎಸ್‌.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದಿದ್ದ ಒಂದು ಹೀಟ್ ಗನ್. ಮಂಚದ ಕೆಳಗೆ ಇಟ್ಟೆ. ಮೂರು ದಿನ ಸುಮ್ನೆ ಇದ್ದೆ. ನಾಲ್ಕನೇ ದಿನ ಕೈ ತುರಿಸಿತು.

ಮೊದಲು ಹೊರಗೆ ಬಂದದ್ದು ವರ್ನಿಯರ್. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಅವರ ರೊಟ್ಟಿ ನೋಡಿದ್ದೀರಾ ಅಂತ ನಿಮ್ಮನ್ನು ಕೇಳಿ ಪ್ರಯೋಜನ ಇಲ್ಲ, ಆದರೆ ಅದು ಅಂಚಿಂದ ನಡುವಿನವರೆಗೆ ಒಂದೇ ಸಮ ಇರುತ್ತದೆ. ಎಷ್ಟು ಸಮ ಅನ್ನೋದು ನನ್ನ ಪ್ರಶ್ನೆ. ನನ್ನ ವರ್ನಿಯರ್‌ನ ಲೀಸ್ಟ್ ಕೌಂಟ್, ಅಂದರೆ ಅದು ತೋರಿಸುವ ಅತಿ ಚಿಕ್ಕ ಅಳತೆ, 0.02 ಮಿಲಿಮೀಟರ್. ರೊಟ್ಟಿಗೆ ಹಿಡಿದೆ. ವರ್ನಿಯರ್‌ನ ದವಡೆ ರೊಟ್ಟಿಯ ಒಳಗೇ ಇಳಿದುಹೋಯಿತು. ರಬ್ಬರ್ ಅಳೆಯುವಾಗಲೂ ಇದೇ ತೊಂದರೆ, ಮೆತ್ತಗಿನ ವಸ್ತುವಿನ ಮೇಲೆ ನೀವು ಎಷ್ಟು ಒತ್ತುತ್ತೀರೋ ಅಷ್ಟು ಕಡಿಮೆ ರೀಡಿಂಗ್ ಬರುತ್ತದೆ. ಹಾಗಾಗಿ ಎರಡು ಸ್ಟೀಲ್ ಸ್ಕೇಲ್ ತೊಳೆದು, ರೊಟ್ಟಿಯ ಚೂರನ್ನು ಅವುಗಳ ನಡುವೆ ಹಗುರವಾಗಿ ಇಟ್ಟು, ಒಟ್ಟು ದಪ್ಪ ಅಳೆದು, ಆಮೇಲೆ ಸ್ಕೇಲಿನ ದಪ್ಪ ಕಳೆದೆ. ಅಮ್ಮನ ಆರು ರೊಟ್ಟಿಯೂ 2.3ರಿಂದ 2.6ರ ಒಳಗೆ ಬಂದವು. ಬರೀ ಬೆರಳಲ್ಲಿ ತಟ್ಟಿದ್ದು! ನಾನೂ ಒಂದು ತಟ್ಟಿದೆ. ಒಂದೇ ರೊಟ್ಟಿಯಲ್ಲಿ ಒಂದು ಕಡೆ 1.8, ಇನ್ನೊಂದು ಕಡೆ 4. ವರ್ಕ್‌ಶಾಪ್‌ನಲ್ಲಾದರೆ ನೇರ ರಿಜೆಕ್ಟ್ ಡಬ್ಬಕ್ಕೆ ಹಾಕುವ ಮಾಲು.

"ಅಮ್ಮಾ, ನಿಂದು ಎಲ್ಲಾ ಪಾಸ್" ಅಂದೆ.

"ಅಳೆದು ಆಯ್ತಾ? ಆರಿ ತಣ್ಣಗಾಯ್ತು. ಇನ್ನು ಅದನ್ನ ಮುರಿಯೋಕೆ ನಿನ್ನ ಗರಗಸಾನೇ ತಗೊಂಬಾ."

ಸುಳ್ಳಲ್ಲ. ತಣ್ಣಗಾದ ಅಕ್ಕಿರೊಟ್ಟಿ ಅಗಿಯಲು ದವಡೆ ಬೇಕು, ವರ್ನಿಯರ್‌ದಲ್ಲ.

ಈಗ ಮೊಸರಿನ ವಿಷಯ. ನಮ್ಮಲ್ಲಿ ದಿನಾ ಹಾಲಿನ ಕೆನೆ ತೆಗೆದಿಟ್ಟು, ಹತ್ತು ಹನ್ನೆರಡು ದಿನಕ್ಕೊಮ್ಮೆ ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತಾರೆ. ಹೆಂಡತಿ ಮಿಕ್ಸಿಯಲ್ಲಿ ಹಾಕೋಣ ಅಂದರೆ ಅಮ್ಮ ಒಪ್ಪುವುದಿಲ್ಲ, ಮಿಕ್ಸಿ ಬಿಸಿಗೆ ಬೆಣ್ಣೆ ಕರಗುತ್ತೆ ಅಂತ. ಕಡಗೋಲೇ ಆಗಬೇಕು. ಅವತ್ತು ಅಮ್ಮನಿಗೆ ತೋಳು ನೋವು. ಮಂಚದ ಕೆಳಗೆ ನಿಮಿಷಕ್ಕೆ 2800 ಸುತ್ತು ತಿರುಗುವ ಡ್ರಿಲ್ಲು ಸುಮ್ನೆ ಮಲಗಿದೆ. ಮಗನಾದವನು ನೋಡಿಕೊಂಡು ಕೂರುವುದಕ್ಕಾಗುತ್ತಾ?

ಕಡಗೋಲಿನ ಹಿಡಿ ದಪ್ಪ, ಹತ್ತೊಂಬತ್ತು ಮಿಲಿಮೀಟರ್. ನನ್ನ ಡ್ರಿಲ್ಲಿನ ಚಕ್ಕಿಗೆ, ಅಂದರೆ ಬಿಟ್ ಕಚ್ಚಿ ಹಿಡಿಯುವ ಬಾಯಿಗೆ, ಹದಿಮೂರರ ಮೇಲೆ ಹಿಡಿಸುವುದಿಲ್ಲ. ಅರ ತಗೊಂಡು ಕೂತೆ. ಕಬ್ಬಿಣದ ಅರದಲ್ಲಿ ಮರ ಉಜ್ಜಬಾರದು, ಹಲ್ಲಿಗೆಲ್ಲ ಮರದ ಪುಡಿ ತುಂಬಿಕೊಂಡು ಸುಮ್ನೆ ಜಾರುತ್ತದೆ. ಗೊತ್ತಿದ್ದೂ ಉಜ್ಜಿದೆ. ಒಂದು ಗಂಟೆ ಹಿಡಿಯಿತು. ಹನ್ನೆರಡಕ್ಕೆ ತಂದು, ಮೂರು ಕಡೆ ವರ್ನಿಯರ್ ಹಿಡಿದು, ಚಕ್ಕಿಗೆ ಕೂರಿಸಿ, ಚಕ್ ಬಿಗಿ ಮಾಡುವ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಇದೊಂದು ಅಭ್ಯಾಸ ಮಾತ್ರ ತಪ್ಪಿಲ್ಲ. ಚಕ್ಕಲ್ಲಿ ಕೀ ಬಿಟ್ಟು ಮಷೀನ್ ಹಾಕಿದವನನ್ನು ನಮ್ಮ ಮೇಸ್ತ್ರಿ ಅವತ್ತೇ ಮನೆಗೆ ಕಳಿಸುತ್ತಿದ್ದರು.

ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಒಂದು ಸಲ ಬರೀ ನೀರಲ್ಲಿ ನೋಡಿ" ಅಂದಳು. ಕೇಳಬೇಕಿತ್ತು.

ಕಡಗೋಲನ್ನು ಪಾತ್ರೆಯ ತಳಕ್ಕೆ ಒತ್ತಿ ಹಿಡಿದು ಗುಂಡಿ ಒತ್ತಿದೆ. ಒಂದು ವಿಷಯ ನೋಡಿರಲಿಲ್ಲ. ಡ್ರಿಲ್ಲು ಹ್ಯಾಮರ್‌ನಲ್ಲಿತ್ತು. ಹ್ಯಾಮರ್ ಡ್ರಿಲ್ಲು ಗಾಳಿಯಲ್ಲಿ ಸುಮ್ನೆ ತಿರುಗಿದರೆ ಕುಟ್ಟುವುದಿಲ್ಲ, ಒತ್ತಿದರೆ ಮಾತ್ರ ಕುಟ್ಟುತ್ತದೆ, ನಾನು ಒತ್ತಿದ್ದೆ. ಸ್ಟೀಲ್ ಪಾತ್ರೆ ಅಣ್ಣಮ್ಮನ ಉತ್ಸವದ ತಮಟೆ ಥರ ಶುರುವಾಯಿತು. ಗಾಬರಿಯಾದರೆ ಕೈ ಏನು ಮಾಡುತ್ತೆ? ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಗುಂಡಿ ಪೂರ್ತಿ ಒಳಗೆ ಹೋಯಿತು. ಮೊಸರು ನಡುವೆ ಕುಳಿ ಬಿದ್ದು, ಅಂಚಿನಲ್ಲಿ ಎದ್ದು, ಪಾತ್ರೆಯ ಬಾಯಿ ದಾಟಿ ಸುತ್ತಲೂ ಹೊರಟಿತು. ನಾನು ಡ್ರಿಲ್ ಮೇಲೆತ್ತಿದೆ. ಅದು ಎರಡನೇ ತಪ್ಪು. ಮೇಲೆ ಎತ್ತಿದ ಕಡಗೋಲು ತನ್ನ ಹಲ್ಲುಗಳಲ್ಲಿ ಇದ್ದಬದ್ದದ್ದನ್ನೆಲ್ಲ ಸೀಲಿಂಗ್‌ಗೆ, ಕ್ಯಾಲೆಂಡರಿಗೆ, ಗ್ಯಾಸ್ ಸ್ಟವ್ ಹಿಂದಿನ ಟೈಲ್ಸಿಗೆ, ಹೆಂಡತಿಯ ಕನ್ನಡಕಕ್ಕೆ ಸಮವಾಗಿ ಹಂಚಿತು. ಎರಡು ಸೆಕೆಂಡೂ ಇರಲಿಕ್ಕಿಲ್ಲ.

ಯಾರೂ ಮಾತಾಡಲಿಲ್ಲ. ಮೇಲಿಂದ ಒಂದು ತೊಟ್ಟು ಅಮ್ಮನ ತಲೆಗೆ ಬಿತ್ತು.

"ಬಂತಾ ಬೆಣ್ಣೆ?" ಅಂದರು ಅಮ್ಮ.

ರಾತ್ರಿ ಒರೆಸುತ್ತಾ ಯೋಚನೆ ಮಾಡಿದೆ. ಕಡಗೋಲಿಗೆ ಹಗ್ಗ ಸುತ್ತಿ ಎಳೆಯುವಾಗ ಅದು ನಾಲ್ಕು ಸುತ್ತು ಈ ಕಡೆ, ನಾಲ್ಕು ಸುತ್ತು ಆ ಕಡೆ ತಿರುಗುತ್ತದೆ. ಮೊಸರು ಒಂದು ದಿಕ್ಕಿಗೆ ಹೊಂದಿಕೊಳ್ಳುವಷ್ಟರಲ್ಲಿ ದಿಕ್ಕೇ ಬದಲಾಗಿಬಿಡುತ್ತದೆ. ಹಾಗಾಗಿ ಅದು ಸುತ್ತುವುದಿಲ್ಲ, ಕಲಕುತ್ತದೆ. ಡ್ರಿಲ್ಲು ಒಂದೇ ಕಡೆ ತಿರುಗಿದರೆ ಮೊಸರೂ ಅದರ ಜೊತೆಗೇ ಜಾತ್ರೆಗೆ ಹೊರಡುತ್ತದೆ. ಮಿಕ್ಸಿ ಜಾರಿನ ಒಳಗೋಡೆಯಲ್ಲಿ ಉಬ್ಬು ಗೆರೆಗಳಿರುತ್ತವಲ್ಲ, ಅವು ಇರುವುದೂ ಇದನ್ನು ತಡೆಯುವುದಕ್ಕೇ. ಅಂದರೆ ನಮ್ಮಜ್ಜಿಯ ಹಗ್ಗಕ್ಕೆ ಗೊತ್ತಿದ್ದದ್ದು ಫಿಟ್ಟರ್ ಆದ ನನಗೆ ಸೀಲಿಂಗ್ ಒರೆಸುವಾಗ ಗೊತ್ತಾಯಿತು.

ಮುಂದಿನ ಸಲ, ಹದಿನೈದು ದಿನ ಬಿಟ್ಟು, ಎಲ್ಲರೂ ಮಲಗಿದ ಮೇಲೆ ಇನ್ನೊಮ್ಮೆ ಮಾಡಿದೆ. ಹ್ಯಾಮರ್ ಆಫ್. ಪಾತ್ರೆಯ ಬದಲು ಬಕೆಟ್. ಗುಂಡಿ ಬರೀ ಕಾಲು ಭಾಗ ಒತ್ತಿ, ಹತ್ತು ಎಣಿಸಿ, ನಿಲ್ಲಿಸಿ, ರಿವರ್ಸ್‌ಗೆ ಹಾಕಿ ಮತ್ತೆ ಹತ್ತು. ತಿರುಗುತ್ತಿರುವಾಗಲೇ ರಿವರ್ಸ್ ಹಾಕಬೇಡಿ, ಗೇರು ಕಿತ್ತುಹೋಗುತ್ತದೆ. ನಡುವೆ ಫ್ರಿಜ್ಜಿನ ತಣ್ಣೀರು ಹಾಕಿದೆ. ಬಂತು ಬೆಣ್ಣೆ! ಉಂಡೆ ಉಂಡೆಯಾಗಿ ತೇಲಿತು. ಬೆಳಿಗ್ಗೆ ಅಮ್ಮನ ಮುಂದೆ ಬಟ್ಟಲು ಇಟ್ಟೆ. ಅವರು ಬೆರಳಲ್ಲಿ ತಿರುವಿ ನೋಡಿದರು. ಬೆಳ್ಳಗಿನ ಬೆಣ್ಣೆಯೊಳಗೆ ಕೂದಲೆಳೆಯಷ್ಟು ಒಂದು ಕಪ್ಪು ಗೆರೆ. ಚಕ್ಕಿನಿಂದ ಇಳಿದ ಗ್ರೀಸು.

"ಇದನ್ನ ದೇವರ ದೀಪಕ್ಕೂ ಹಾಕಕ್ಕಾಗಲ್ಲ ಕಣೋ. ಗೇಟಿನ ಕೀಲಿಗೆ ಹಚ್ಚು."

ಹಚ್ಚಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಇರುವೆ ಬಂದವು.

ಹೀಟ್ ಗನ್ ವಿಷಯ ಬೇಗ ಮುಗಿಸುತ್ತೇನೆ. ಹಪ್ಪಳ ಸುಡೋಣ ಅಂತ ಹಿಡಿದೆ. ಅದರ ಬಾಯಲ್ಲಿ ಬಿಸಿ 500 ಡಿಗ್ರಿ ದಾಟುತ್ತದೆ, ಅದಕ್ಕೆ ಯಾವ ಹಪ್ಪಳವೂ ಅರಳಲೇಬೇಕು. ಆದರೆ ಅದು ಬಿಸಿಯ ಜೊತೆ ಗಾಳಿಯನ್ನೂ ಊದುತ್ತದೆ ಅನ್ನೋದು ನೆನಪಿರಲಿಲ್ಲ. ಹಪ್ಪಳ ಅರಳಿತು, ಹಗುರಾಯಿತು, ಹಾರಿತು. ಬಾಲ್ಕನಿ ದಾಟಿ ಕೆಳಗೆ ನಿಲ್ಲಿಸಿದ್ದ ಕಾರಿನ ಮೇಲೆ ಕೂತಿತು. ರೊಟ್ಟಿ ಸುಡುವ ಎರಡು ಜಾಲರಿ ನಡುವೆ ಸಿಕ್ಕಿಸಿ ಹಿಡಿದರೆ ನಿಜಕ್ಕೂ ಚೆನ್ನಾಗಿ ಸುಡುತ್ತದೆ. ಆದರೆ ಗ್ಯಾಸ್ ಒಲೆ ಪಕ್ಕದಲ್ಲೇ ಇದ್ದಾಗ ಇದನ್ನು ಯಾಕೆ ಮಾಡಬೇಕು ಅಂತ ಹೆಂಡತಿ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ.

ಈರುಳ್ಳಿಗೆ ಸೇಫ್ಟಿ ಗಾಗಲ್ ಹಾಕಿಕೊಂಡೆ. ಕಣ್ಣೀರು ಬಂತು. ಗ್ರೈಂಡಿಂಗ್ ಗಾಗಲ್‌ಗೆ ಪಕ್ಕದಲ್ಲಿ ತೂತುಗಳಿರುತ್ತವೆ, ಕಿಡಿಯನ್ನು ತಡೆಯುತ್ತೆ, ಈರುಳ್ಳಿ ಘಾಟನ್ನು ಬಿಡುತ್ತೆ. ತೂತಿನ ಮೇಲೆ ಟೇಪ್ ಹಾಕಿದೆ. ಕಣ್ಣೀರು ನಿಂತಿತು, ಗಾಜೆಲ್ಲ ಮಂಜಾಗಿ ಈರುಳ್ಳಿ ಯಾವುದು ಬೆರಳು ಯಾವುದು ಕಾಣಲಿಲ್ಲ.

ಇಷ್ಟೂ ಆಗಿದ್ದು ಮನೆಯೊಳಗೆ. ಬೀದಿಗೆ ಗೊತ್ತಾಗಿದ್ದು ಗ್ರೈಂಡರಿನಿಂದ. ಎದುರುಮನೆ ಆಂಟಿಯ ಗ್ರೈಂಡರಿನ ಬೆಲ್ಟ್ ಕಿತ್ತುಹೋಗಿತ್ತಂತೆ, ಲಾಕ್‌ಡೌನ್‌ನಲ್ಲಿ ರಿಪೇರಿ ಅಂಗಡಿ ಎಲ್ಲಿ ತೆಗೆದಿರುತ್ತೆ. ಬಾಲ್ಕನಿಯಿಂದಲೇ ಅಮ್ಮನ ಹತ್ತಿರ ಗೋಳು ಹೇಳಿಕೊಂಡಿದ್ದಾರೆ. ಅಮ್ಮ ಉದಾರವಾಗಿ, "ಅಯ್ಯೋ, ನಮ್ಮನೇಲಿ ಇದೆಯಲ್ಲಮ್ಮ, ಇಸ್ಕೊಂಡು ಹೋಗೋಕೆ ಹುಡುಗನ್ನ ಕಳಿಸು" ಅಂದಿದ್ದಾರೆ. ನನಗೆ ಯಾರೂ ಹೇಳಿಲ್ಲ. ಎಸ್ಸೆಸ್ಸೆಲ್ಸಿ ಹುಡುಗ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತ. "ಅಂಕಲ್, ಗ್ರೈಂಡರ್ ಬೇಕಂತೆ."

ನಾನು ಮಂಚದ ಕೆಳಗಿಂದ ನಾಲ್ಕಿಂಚಿನ ಗ್ರೈಂಡರ್ ತೆಗೆದೆ. ಚಿಕ್ಕ ಹುಡುಗ ಬೇರೆ, ಸುಮ್ನೆ ಕೊಟ್ಟು ಕಳಿಸಲಿಕ್ಕಾಗುತ್ತಾ? ಕೂರಿಸಿ ಹೇಳಿದೆ. ಇದು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುತ್ತೆ, ಎರಡು ಕೈಯಲ್ಲಿ ಹಿಡೀಬೇಕು, ಗಾರ್ಡ್ ತೆಗೀಬಾರದು, ಬಿರುಕು ಬಿಟ್ಟ ವೀಲ್ ಹಾಕಬಾರದು, ಕಿಡಿ ಬರೋ ಕಡೆ ಯಾರೂ ನಿಲ್ಲಬಾರದು, ಸಡಿಲ ಬಟ್ಟೆ ಬೇಡ. ಅವನು ಒಂದೊಂದಕ್ಕೂ ತಲೆಯಾಡಿಸಿದ. ಅವನ ಕಣ್ಣು ಮಾತ್ರ ದೊಡ್ಡದಾಗುತ್ತಾ ಹೋಯಿತು.

"ಏನು ಕಟ್ ಮಾಡ್ಬೇಕಂತೆ? ಎಂ.ಎಸ್ಸಾ, ಎಸ್ಸೆಸ್ಸಾ?" ಅಂದೆ, ಮೈಲ್ಡ್ ಸ್ಟೀಲೋ ಸ್ಟೇನ್‌ಲೆಸ್ ಸ್ಟೀಲೋ ಅಂತ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. "ಗೊತ್ತಿಲ್ಲ ಅಂಕಲ್. ಅಕ್ಕಿ ಮೂರು ಲೋಟ, ಉದ್ದು ಒಂದು ಲೋಟ ನೆನೆಸಿದ್ದಾರೆ."

ಅವತ್ತಿಂದ ಬೀದಿಯಲ್ಲಿ ನಾನು ಗ್ರೈಂಡರ್ ಅಂಕಲ್. (ನನ್ನ ಮಗಳಿಗೂ ಇಂಥದೇ ಒಂದು ಮೋಸವಾಗಿತ್ತು. ಅವಳು ಚಿಕ್ಕವಳಿದ್ದಾಗ ನಾನು ಫೋನಿನಲ್ಲಿ "ಜೇಬು ತುಂಬಾ ಚಿಪ್ಸ್" ಅಂತ ಲೇತಿನಿಂದ ಸಿಡಿದ ಕಬ್ಬಿಣದ ಚೂರುಗಳ ಬಗ್ಗೆ ಅಂದಿದ್ದನ್ನು ಕೇಳಿಸಿಕೊಂಡು, ಗೇಟಿನ ಹತ್ತಿರ ಕೈ ಚಾಚಿ ನಿಂತಿದ್ದಳು.)

ಟೂಲ್ ಇದೆ ಅಂತ ಗೊತ್ತಾದ ಮೇಲೆ ಕೆಲಸ ತಾನಾಗೇ ಹುಡುಕಿಕೊಂಡು ಬರುತ್ತದೆ. ಕರ್ಟನ್ ರಾಡು, ಗಡಿಯಾರ, ಗಣಪತಿ ಫೋಟೋ. ಗೋಡೆಗೆ ಡ್ರಿಲ್ ಹಿಡಿಯುವವರೆಗೂ ಬೆಂಗಳೂರಿನ ಮನೆಗಳ ಒಳಗೆ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. ಹಳೇ ಇಟ್ಟಿಗೆ ಗೋಡೆಯಾದರೆ ಡ್ರಿಲ್ ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತೆ, ಕೆಂಪು ಪುಡಿ ಬರುತ್ತೆ. ಟೊಳ್ಳು ಬ್ಲಾಕಾದರೆ ಅರ್ಧ ಇಂಚು ಗಟ್ಟಿ, ಆಮೇಲೆ ದಢಕ್ ಅಂತ ಚಕ್ಕಿನವರೆಗೂ ಒಳಗೆ. ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ, ಲಿಂಟಲ್, ಸಿಕ್ಕರೆ ಮುಗೀತು. ಕರ್ಟನ್ ರಾಡು ಹಾಕಬೇಕಾಗಿರೋದು ಸರಿಯಾಗಿ ಅದರ ಮೇಲೇ. ನಮ್ಮ ಮನೆ ಬಾಗಿಲ ಮೇಲೆ ತೋರಣಕ್ಕೆ ಅಂತ ಒಂದು ತೂತು ಕೊರೆಯಲು ಅರ್ಧ ಗಂಟೆ ನಿಂತಿದ್ದೆ. ಎರಡು ಡ್ರಿಲ್ ಬಿಟ್ ಸುಟ್ಟು ನೀಲಿಯಾದವು, ಕೆಳಗಿಂದ ಓನರ್ ಬಂದು, "ಬಿಲ್ಡಿಂಗ್ ಬೀಳಿಸ್ತೀರೋ ಹೇಗೆ?" ಅಂದರು, ಒಳಗೆ ಹೋಗಿದ್ದು ಒಂದೂವರೆ ಸೆಂಟಿಮೀಟರ್. ಅಲ್ಲಿಗೇ ಬಿಟ್ಟೆ. ಆ ಅರ್ಧ ತೂತು ಈಗಲೂ ಇದೆ.

ಲಾಕ್‌ಡೌನ್ ಮುಗಿದು ವರ್ಕ್‌ಶಾಪ್ ತೆಗೆದರು. ಟೂಲ್‌ಗಳಲ್ಲಿ ಅರ್ಧ ವಾಪಸ್ ಹೋದವು, ಅರ್ಧ ಮನೆಯಲ್ಲೇ ಉಳಿದವು. ಆ ವರ್ಷದ ಆಯುಧಪೂಜೆಗೆ ಪೀಣ್ಯದಲ್ಲಿ ಲೇತಿಗೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಪೊಟ್ಟಣ ಇಸ್ಕೊಂಡು ಮನೆಗೆ ಬಂದರೆ, ಅಮ್ಮ ದೇವರ ಮುಂದೆ ಎರಡು ಸಾಲು ಮಾಡಿದ್ದರು. ಒಂದು ಸಾಲಿನಲ್ಲಿ ಈಳಿಗೆಮಣೆ, ಮಿಕ್ಸಿ, ಚಾಕು, ಇಕ್ಕಳ. ಇನ್ನೊಂದರಲ್ಲಿ ನನ್ನ ಡ್ರಿಲ್ಲು, ಗ್ರೈಂಡರು, ಹೀಟ್ ಗನ್ನು, ವರ್ನಿಯರ್, ಸುತ್ತಿಗೆ. ಎಲ್ಲದಕ್ಕೂ ಅರಿಶಿನ ಕುಂಕುಮ. ನನ್ನ ಸಾಲಿನ ಕೊನೆಯಲ್ಲಿ ಕಡಗೋಲು.

"ಅದನ್ನ ಯಾಕಮ್ಮ ಈ ಕಡೆ ಇಟ್ಟೆ?"

"ತುದಿ ಕೆತ್ತಿದ ಮೇಲೆ ಅದು ನಿನ್ನ ಪಾರ್ಟಿ ಸೇರ್ತು."

ಅಷ್ಟರಲ್ಲಿ ಬಾಗಿಲ ತೋರಣ ಒಂದು ಕಡೆ ಜಾರಿ ಬಿತ್ತು. ಒಂದು ಮೊಳೆ ಹೊಡೀಬೇಕು. ಪೂಜೆಗಿಟ್ಟ ಸಾಮಾನು ನಾಳೆಯವರೆಗೂ ಮುಟ್ಟುವ ಹಾಗಿಲ್ಲ. ಮನೇಲಿರೋ ಟೂಲೆಲ್ಲ ಕುಂಕುಮ ಹಚ್ಚಿಕೊಂಡು ಸಾಲಾಗಿ ಕೂತಿವೆ. ನಾನು ಕೈಕಟ್ಟಿ ನಿಂತೆ. ಅಮ್ಮ ಅಡುಗೆಮನೆಗೆ ಹೋಗಿ ಕುಟ್ಟಾಣಿಯ ಕಬ್ಬಿಣದ ಗುಂಡು ತಂದರು. ನನ್ನ ಅರ್ಧ ತೂತಿನ ಕೆಳಗೆ, ಬಾಗಿಲ ಚೌಕಟ್ಟಿನ ಮರಕ್ಕೆ ಮೊಳೆ ಇಟ್ಟರು. ಎರಡೇ ಏಟು.

"ಅಷ್ಟು ಹೊತ್ತು ಕಾಂಕ್ರೀಟ್ ಕೊರೀತಾ ನಿಂತಿದ್ಯಲ್ಲೋ, ಕೆಳಗೆ ಮರ ಕಾಣ್ಲಿಲ್ವಾ?"

ನಾನು ತೋರಣದ ದಾರ ಕಟ್ಟುತ್ತಾ, "ಕುಟ್ಟಾಣಿನ ಮಾತ್ರ ಯಾಕೆ ಪೂಜೆಗೆ ಇಡಲಿಲ್ಲ?" ಅಂತ ಕೇಳಿದೆ.

"ಇಟ್ಟಿದ್ರೆ ನಿಂಗೆ ಶುಂಠಿ ಟೀ ಯಾರು ಕೊಡೋರು?" ಅಂದು ಒಳಗೆ ಹೋದರು.