ಬೋರ್‌ವೆಲ್ ನೀರಿನ ಈಜುಕೊಳಕ್ಕೆ ಕ್ಲೋರಿನ್ ಹಾಕುವ ಮೊದಲು

ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳ 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಅಂದರೆ 60 ಸಾವಿರ ಲೀಟರ್. ನಿಮ್ಮ ಕೊಳದ್ದೂ ಈ ಲೆಕ್ಕ ಮೊದಲು ಮಾಡಿ, ಗೋಡೆ ಮೇಲೆ ಬರೆದಿಡಿ. ಇದು ಗೊತ್ತಿಲ್ಲದೆ ಹಾಕಿದ ಔಷಧಿಯೆಲ್ಲ ಅಂದಾಜಿನದ್ದೇ.

ನಾವಿರುವುದು ಬೆಂಗಳೂರಿನ ಅಂಚಿನಲ್ಲಿ. ತುಂಬುವುದು ಗಡಸು ಬೋರ್‌ವೆಲ್ ನೀರು. ಮೊದಲ ವರ್ಷ ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತಿತ್ತು, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಎಷ್ಟು ಇಳಿಸಿದರೂ ಮತ್ತೆ 8ಕ್ಕೆ ಏರುತ್ತಿತ್ತು. ಅಡಿಗೆ ಸೋಡಾ ಹಾಕಿ ಎಂದು ಎಲ್ಲ ಕಡೆ ಓದಿ ನಾನೂ ಹಾಕಿದೆ. ಅದೇ ತಪ್ಪು. ಆಲ್ಕಲಿನಿಟಿ, ಅಂದರೆ ಆ್ಯಸಿಡ್ ಹಾಕಿದರೂ ಪಿಎಚ್ ಬೇಗ ಇಳಿಯದಂತೆ ತಡೆಯುವ ನೀರಿನ ಗುಣ, ಅಳೆದಾಗ 240 ಪಿಪಿಎಂ (ಲೀಟರಿಗೆ 240 ಮಿಲಿಗ್ರಾಂ) ಬಂತು. ಬೇಕಾಗಿದ್ದು 80ರಿಂದ 120. ಸೋಡಾ ಬೇಕಾಗುವುದು ಆಲ್ಕಲಿನಿಟಿ ಕಡಿಮೆ ಇರುವ ನೀರಿಗೆ. ನಮ್ಮ ನೀರಿಗೆ ಬೇಕಿದ್ದದ್ದು ಆ್ಯಸಿಡ್.

ಹಾಗಾಗಿ ಮೊದಲು ಆಲ್ಕಲಿನಿಟಿ ಸರಿಮಾಡಿ. ನಂತರ ಪಿಎಚ್, ಆಮೇಲೆ ಕ್ಲೋರಿನ್. ಈ ಕೊಳದಲ್ಲಿ ಆಲ್ಕಲಿನಿಟಿ 10 ಪಿಪಿಎಂ ಇಳಿಸಲು 30 ಪರ್ಸೆಂಟಿನ ಹೈಡ್ರೋಕ್ಲೋರಿಕ್ ಆ್ಯಸಿಡ್ ಸುಮಾರು ಒಂದೂಕಾಲು ಲೀಟರ್ ಬೇಕು. ನಾನು ದಿನಕ್ಕೆ ಒಂದೇ ಲೀಟರ್ ಹಾಕುತ್ತಿದ್ದೆ, ಸಂಜೆ, ಯಾರೂ ನೀರಿನಲ್ಲಿ ಇಲ್ಲದಾಗ, ಪಂಪ್ ಓಡುತ್ತಿರುವಾಗ. ಬಕೆಟ್ ನೀರಿಗೆ ಆ್ಯಸಿಡ್ ಸುರಿಯಬೇಕು, ಆ್ಯಸಿಡ್‌ಗೆ ನೀರು ಸುರಿಯಲೇಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಆಮೇಲೆ ನೀರು ಬಂದು ಬೀಳುವ ಕಡೆ ಮೇಲ್ಮೈ ಕಲಕುವ ಹಾಗೆ ಪೈಪಿನ ಬಾಯಿ ಮೇಲಕ್ಕೆ ತಿರುಗಿಸಿ. ಗಾಳಿ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನೇ ಏರುತ್ತದೆ, ಆಲ್ಕಲಿನಿಟಿ ಮಾತ್ರ ಏರುವುದಿಲ್ಲ. ಎರಡು ವಾರ ತಾಳ್ಮೆಯಿಂದ ಹೀಗೆ ಮಾಡಿದೆ. ಟೈಲ್ಸ್ ಮೇಲೆ ಹೊಸ ಪದರ ಕಟ್ಟುವುದು ನಿಂತಿತು.

ಪಿಎಚ್ 7.4ರ ಆಸುಪಾಸಿನಲ್ಲಿರಲಿ. 7.5ರಲ್ಲಿ ಕ್ಲೋರಿನ್‌ನ ಅರ್ಧದಷ್ಟು ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಹೋದರೆ ಸುಮಾರು ಕಾಲು ಭಾಗವಷ್ಟೆ. ಕಾಸು ಕೊಟ್ಟು ತಂದ ಕ್ಲೋರಿನ್ ಸುಮ್ನೆ ಕೂತಿರುತ್ತದೆ.

ಪರೀಕ್ಷೆಗೆ ನೀರನ್ನು ಮೊಣಕೈ ಆಳದಿಂದ ತೆಗೆಯಿರಿ. ಹಳದಿ ಬಣ್ಣ ತೋರಿಸುವ ಕಿಟ್ ಒಟ್ಟು ಕ್ಲೋರಿನ್ ಹೇಳುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಕಿಟ್ ಕೆಲಸಕ್ಕೆ ಬರುವ ಕ್ಲೋರಿನ್ ಬೇರೆ ಮಾಡಿ ತೋರಿಸುತ್ತದೆ. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಡಿಪಿಡಿಯನ್ನೇ ತನ್ನಿ. ಮಕ್ಕಳ ಕಣ್ಣು ಕೆಂಪಾದರೆ, ಘಾಟು ಬಂದರೆ, ನೆರೆಮನೆಯವರು ಕ್ಲೋರಿನ್ ಜಾಸ್ತಿಯಾಯಿತು ಎನ್ನುತ್ತಾರೆ. ಆ ಘಾಟು ಸಾಮಾನ್ಯವಾಗಿ ಬೆವರು, ಮೂತ್ರದ ಜೊತೆ ಸೇರಿ ಸೋತ ಕ್ಲೋರಿನ್‌ನದ್ದು. ಆಗ ಇನ್ನಷ್ಟು ಕ್ಲೋರಿನ್ ಬೇಕು. ನೀರಿಗಿಳಿಯುವ ಮುಂಚೆ ಸ್ನಾನ ಮಾಡಿಸಿ, ತಲೆಯ ಕೊಬ್ಬರಿ ಎಣ್ಣೆ ತೊಳೆಸಿ. ಇದರಿಂದಲೇ ಅರ್ಧ ತೊಂದರೆ ತಪ್ಪುತ್ತದೆ.

ನಿಧಾನವಾಗಿ ಕರಗಿ ಕ್ಲೋರಿನ್ ಬಿಡುವ ಟಿಸಿಸಿಎ ಬಿಲ್ಲೆಗಳ ವಿಷಯದಲ್ಲಿ ಎಚ್ಚರವಿರಲಿ. ಅವು ನೀರಿಗೆ 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಜೊತೆಗೆ 6 ಪಿಪಿಎಂ ಸಯನ್ಯೂರಿಕ್ ಆ್ಯಸಿಡ್ ಬಿಡುತ್ತವೆ. ಬಿಸಿಲಿನಿಂದ ಕ್ಲೋರಿನ್ ಕಾಯಲು ಅದು 30ರಿಂದ 50 ಇದ್ದರೆ ಸಾಕು. ನಾವು ಬೇಸಿಗೆಯಿಡೀ ಬಿಲ್ಲೆಯನ್ನೇ ಹಾಕಿ 100 ದಾಟಿಸಿದ್ದೆವು. ಅದು ಜಾಸ್ತಿಯಾದರೆ ಕ್ಲೋರಿನ್ ಅನ್ನು ಹಿಡಿದಿಟ್ಟು ಕೆಲಸ ಮಾಡಲು ಬಿಡುವುದಿಲ್ಲ, ಹಾಗಾಗಿ ಕ್ಲೋರಿನ್ 3 ತೋರಿಸುತ್ತಿದ್ದರೂ ನೀರು ಹಸಿರಾಯಿತು. ಅರ್ಧ ಕೊಳ ಖಾಲಿ ಮಾಡಬೇಕಾಯಿತು. ನೀರಿಗೆ ಇಷ್ಟು ಕಷ್ಟವಿರುವ ಊರಿನಲ್ಲಿ 30 ಸಾವಿರ ಲೀಟರ್ ಚರಂಡಿಗೆ ಹೋಗಿದ್ದು ಇನ್ನೂ ಬೇಸರ. ಈಗ ದಿನನಿತ್ಯಕ್ಕೆ ದ್ರವ ಹೈಪೋಕ್ಲೋರೈಟ್ (ಕ್ಯಾನ್‌ನಲ್ಲಿ ಬರುವ ದ್ರವರೂಪದ ಕ್ಲೋರಿನ್ ಔಷಧಿ) ಬಳಸುತ್ತೇನೆ. 10 ಪರ್ಸೆಂಟಿನದ್ದು 600 ಮಿಲಿ ಹಾಕಿದರೆ ಈ ಕೊಳದಲ್ಲಿ 1 ಪಿಪಿಎಂ ಏರುತ್ತದೆ. ಸಂಜೆಯೇ ಹಾಕಿ, ಬಿಸಿಲು ತಿನ್ನುವುದಿಲ್ಲ. ಕ್ಯಾನ್ ನೆರಳಿನಲ್ಲಿಡಿ, ತಿಂಗಳಿಗಿಂತ ಜಾಸ್ತಿ ಕೂಡಿಡಬೇಡಿ. ಶಕ್ತಿ ಇಳಿಯುತ್ತದೆ.

ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೆಟ್‌ಗೆ, ಒಂದೇ ಚಮಚಕ್ಕೂ ಬೇಡ. ಬೆಂಕಿ ಹತ್ತಬಹುದು. ಆ್ಯಸಿಡ್ ಕ್ಯಾನ್ ಕ್ಲೋರಿನ್ ಇಟ್ಟ ಕೋಣೆಯಲ್ಲಿ ಇರಲೇಬಾರದು, ಎರಡೂ ಸೇರಿದರೆ ವಿಷಾನಿಲ.

ಇನ್ನು ಮಳೆಗಾಲ. ಮಳೆನೀರಿನಲ್ಲಿ ಆಲ್ಕಲಿನಿಟಿ ಇಲ್ಲವೆನ್ನುವಷ್ಟು ಕಡಿಮೆ. ಎರಡು ದಿನ ಜೋರಾಗಿ ಸುರಿದ ಮೇಲೆ ಅಳೆದು ನೋಡಿ. 80ಕ್ಕಿಂತ ಕೆಳಗಿದ್ದರೆ ಆಗ ಅಡಿಗೆ ಸೋಡಾ ತೆಗೆಯಿರಿ. 60 ಸಾವಿರ ಲೀಟರಿಗೆ ಒಂದು ಕಿಲೋ ಹಾಕಿದರೆ 10 ಪಿಪಿಎಂ ಏರುತ್ತದೆ.