ಹಳೇಬೀಡಿಗೆ ಹೋಗುವವರು ಹುಲಿಕೆರೆಗೂ ಸಮಯವಿಡಿ
ಹಾಸನದಿಂದ ಬೇಲೂರು, ಹಳೇಬೀಡುಗಳನ್ನು ಒಂದೇ ದಿನದಲ್ಲಿ ನೋಡಲು ಹೊರಡುವವರು ಬೆಳಿಗ್ಗೆ ಮೊದಲು ಬೇಲೂರಿಗೆ ಹೋಗುವುದು ಒಳ್ಳೆಯದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ಸಲ್ಲುತ್ತಿದ್ದು, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಮುಚ್ಚಿರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ಪೂರ್ವಾಭಿಮುಖವಾಗಿದೆ. ಶಿಲ್ಪಗಳು ದಟ್ಟವಾಗಿರುವ ಅದರ ಹಿಂಬದಿಯ ಗೋಡೆಯ ಮೇಲೆ ಇಳಿಬಿಸಿಲು ಓರೆಯಾಗಿ ಬಿದ್ದಾಗಲೇ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆ ಸ್ಪಷ್ಟವಾಗಿ ಕಾಣುವುದರಿಂದ, ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು, ಬಹುತೇಕರು ನೋಡದೆ ಮರಳುವ, ಹತ್ತಿರದ ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿಗೆ ಹೋಗಿ. ಅಲ್ಲಿ ಮೆಟ್ಟಿಲುಗಳ ನಡುವೆ ಸುತ್ತಲೂ ಪುಟ್ಟ ಪುಟ್ಟ ಗುಡಿಗಳಿವೆ (ನನ್ನ ಮಟ್ಟಿಗೆ ಇಡೀ ದಿನದ ಅತ್ಯುತ್ತಮ ನೋಟ ಅದೇ). ನೀರಿನ ಬಳಿಯ ಮೆಟ್ಟಿಲುಗಳು ಪಾಚಿಗಟ್ಟಿ ಜಾರಬಹುದಾದ್ದರಿಂದ ಮಕ್ಕಳನ್ನು ಕೆಳಗಿಳಿಸಬೇಡಿ. ಬೇಸಿಗೆಯಲ್ಲಿ ದೇವಾಲಯಗಳ ಅಂಗಳದ ಕಲ್ಲುಚಪ್ಪಡಿಗಳು ಕಾದಿರುತ್ತವೆ, ಕಾಲುಚೀಲ ಜೊತೆಗಿರಲಿ.