ಇಂಪ್ಲಾಂಟ್‌ಗೆ ಮುನ್ನ ದವಡೆಗೆ ಮೂಳೆ ತುಂಬಿಸುವವರು ತಿಳಿದಿರಬೇಕಾದದ್ದು

ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಕರಗುತ್ತಾ ಹೋಗುತ್ತದೆ. ಮೊದಲ ವರ್ಷದಲ್ಲೇ ಅಗಲ ಸುಮಾರು ಅರ್ಧಕ್ಕೆ ಇಳಿಯಬಹುದು, ಅದರಲ್ಲಿ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲಿ. 4 ಮಿ.ಮೀ. ದಪ್ಪದ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲು ಮೂಳೆಗೆ ಹಾಕುವ ತಿರುಪು, ಕೂರಿಸಲು 6ರಿಂದ 7 ಮಿ.ಮೀ. ಅಗಲದ ಮೂಳೆ ಬೇಕು. ಸಾದಾ ಎಕ್ಸ್‌ರೇಯಲ್ಲಿ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಹಾಗಾಗಿ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ, ಅಳತೆಯನ್ನು ಕೇಳಿ ತಿಳಿದುಕೊಳ್ಳಿ.

ತುಂಬಲು ನಿಮ್ಮದೇ ಗದ್ದದ ಅಥವಾ ದವಡೆ ಹಿಂಭಾಗದ ಮೂಳೆ, ದಾನಿಗಳ ಮೂಳೆ, ದನದ ಮೂಳೆಯ ಹರಳು, ಇಲ್ಲವೇ ಕೃತಕ ಕ್ಯಾಲ್ಸಿಯಂ ಫಾಸ್ಫೇಟ್ ಬಳಸುತ್ತಾರೆ. ಮೇಲೆ ಹೊದಿಸುವ ಕೊಲಾಜನ್ ಪೊರೆ ಸಾಮಾನ್ಯವಾಗಿ ಹಂದಿಯದ್ದೋ ದನದ್ದೋ ಆಗಿರುತ್ತದೆ. ಸಸ್ಯಾಹಾರದ ಅಥವಾ ಧರ್ಮದ ಕಾರಣಕ್ಕೆ ಬೇಡವೆನ್ನುವವರು ಇದನ್ನು ಮೊದಲೇ ಬಾಯಿಬಿಟ್ಟು ಕೇಳಲೇಬೇಕು. ಪೊರೆ ಯಾಕೆಂದರೆ, ವಸಡು ಬೇಗ ಬೆಳೆಯುತ್ತದೆ, ಮೂಳೆ ನಿಧಾನ. ತಡೆ ಇಲ್ಲದಿದ್ದರೆ ವಸಡಿನ ಮಾಂಸವೇ ಒಳಗೆ ನುಗ್ಗಿ ಜಾಗ ಹಿಡಿಯುತ್ತದೆ.

ಯಾವ ಕಂಪನಿಯ ಹರಳು ಎಂದು ಬಹಳ ಮಂದಿ ಯೋಚಿಸುತ್ತಾರೆ. ನಿಜಕ್ಕೂ ಕೆಲಸ ಕೆಡುವುದು ಹೆಚ್ಚಾಗಿ ಹೊಲಿಗೆ ಬಿಟ್ಟುಕೊಂಡಾಗ. ವಸಡಿನ ಒಳಪದರ ಸಡಿಲಿಸದೆ ಎಳೆದು ಹೊಲಿದರೆ ಬಾವು ಏರುತ್ತಿದ್ದಂತೆ ಗಾಯ ತೆರೆದುಕೊಳ್ಳುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಚಟ ಮತ್ತು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಅದಕ್ಕೆ ಇನ್ನೂ ದಾರಿ ಮಾಡಿಕೊಡುತ್ತವೆ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಜೊಲೆಡ್ರೊನೇಟ್ ಇಂಜೆಕ್ಷನ್ ಪಡೆದಿದ್ದರೆ, ಎಷ್ಟೇ ಹಳೆಯದಾದರೂ ಹೇಳಿ. ನೀವಾಗಿಯೇ ಯಾವ ಔಷಧಿಯನ್ನೂ ನಿಲ್ಲಿಸಬೇಡಿ.

ಮೊದಲ ದಿನ ಕೆನ್ನೆಯ ಹೊರಗೆ 20 ನಿಮಿಷ ಐಸ್, 20 ನಿಮಿಷ ಬಿಡುವು. ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾದಲ್ಲಿ ಹೀರಬೇಡಿ. ಮಾರನೆಯ ದಿನದಿಂದ ಕೊಟ್ಟಿರುವ ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ಔಷಧಿಯನ್ನು ಬಾಯಲ್ಲಿ ಹಿಡಿದು, ತಲೆ ಬಾಗಿಸಿ ತಾನಾಗಿ ಸುರಿಯಲು ಬಿಡಿ. ಆರಿದ ರಾಗಿ ಅಂಬಲಿ, ಮೊಸರನ್ನ, ಮೆತ್ತನೆ ಕಿಚಡಿ ಸಾಕು. ಚಕ್ಕುಲಿ, ಹುರಿಗಡಲೆ ಹೊಲಿಗೆ ಬಿಚ್ಚುವವರೆಗೂ ಬೇಡ. ಬಾವು 2ನೇ, 3ನೇ ದಿನ ಏರಿ ಆಮೇಲೆ ಇಳಿಯುತ್ತದೆ. ಒಂದೆರಡು ಹರಳು ಬಾಯಿಗೆ ಬಂದರೆ ಗಾಬರಿ ಬೇಡ. ಆದರೆ ಬಿಳಿ ಪೊರೆ ಕಂಡರೆ, ಕೀವು ಬಂದರೆ, ಇಳಿದ ಬಾವು ಮತ್ತೆ ಏರಿದರೆ ಅದೇ ದಿನ ವೈದ್ಯರಿಗೆ ತೋರಿಸಿ.

ತೆಗೆದು ಹಾಕುವ ಹಲ್ಲಿನ ಸೆಟ್ಟು ಗಾಯಕ್ಕೆ ಒತ್ತಿದರೆ ಹರಳು ಅಲುಗಾಡಿ ಮೂಳೆ ಕಟ್ಟುವುದಿಲ್ಲ. ಆ ಜಾಗದಲ್ಲಿ ಸೆಟ್ಟನ್ನು ಕೊರೆದು ಕೊಡಲು ಕೇಳಿ. ಅಲ್ಲಿಯವರೆಗೆ ಹಾಕದಿರುವುದೇ ಒಳ್ಳೆಯದು.

ಮೇಲಿನ ದವಡೆಯಲ್ಲಿ ಸೈನಸ್‌ನ (ಹಲ್ಲುಗಳ ಮೇಲೆ, ಕೆನ್ನೆಯ ಒಳಗಿರುವ ಗಾಳಿಯ ಪೊಳ್ಳು) ಒಳಪೊರೆ ಎತ್ತಿ ಮೂಳೆ ತುಂಬಿದ್ದರೆ ಕನಿಷ್ಠ 2 ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಆ ತೆಳು ಪೊರೆ ಹರಿದರೆ ಹರಳು ಸೈನಸ್‌ಗೆ ಜಾರುತ್ತದೆ.

ಕಾಯುವ ಅವಧಿ: ಹಲ್ಲು ಕಿತ್ತ ಕುಳಿಗಷ್ಟೇ ತುಂಬಿದ್ದರೆ 3ರಿಂದ 4 ತಿಂಗಳು, ಅಗಲ ಹೆಚ್ಚಿಸಿದ್ದರೆ 4ರಿಂದ 6, ಸೈನಸ್‌ಗೆ 6ರಿಂದ 9. ಇಂಪ್ಲಾಂಟ್‌ಗೆ ಮುನ್ನ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಹಳೆಯ ಅಳತೆಯ ಪಕ್ಕದಲ್ಲಿಟ್ಟು ನೋಡಲು ಹೇಳಿ.